ಗೋಣು ಬಗ್ಗಿಸಿ ದುಡಿಯುವವರಿಗೆ

ಕುಷ್ಟಗಿ ತಾಲೂಕಿನ ನೇಕಾರ ಬಂಧುಗಳೇ, ಟೇಲರ್ ಅಣ್ಣಂದಿರೇ, ಬೀಜದ ಹೊಲಕ್ಕೆ ಕ್ರಾಸಿಂಗ್‌ಗೆ ಹೋಗುವ ಅಕ್ಕ-ತಂಗಿಯರೇ, ನನ್ನಂತೆ ಕಂಪ್ಯೂಟರ್ ಮುಂದೆ ಕುಂತು ಹೊಟ್ಟೆ ಹೊರೆಯುವವರೇ,



ಫಿಸಿಯೋಥೆರಪಿ ಕ್ಲಿನಿಕ್ಕಿನ ಹೊರಗಿನ ಬೆಂಚಿನ ಮೇಲೆ ನಾವು-ನೀವು ಎಷ್ಟೋ ಸಲ ಅಕ್ಕಪಕ್ಕ ಕುಂತಿದ್ದೇವೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಆದರೆ ಗೋಣು ತಿರುಗಿಸಲಾರದೆ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿ, ‘ಎಷ್ಟನೇ ದಿನಾರೀ ನಿಮ್ದು?’ ಎಂದು ನೀವು ಕೇಳಿದ್ದು ನೆನಪಿದೆ. ‘ಆರನೇದು’ ಎಂದು ನಾನೂ ಇಡೀ ಮೈ ತಿರುಗಿಸಿಯೇ ಹೇಳಿದ್ದೆ. ಇಬ್ಬರೂ ನಕ್ಕೆವು, ನಕ್ಕಿದ್ದಕ್ಕೆ ಹೆಡಕಿನಲ್ಲಿ ಚಳುಕು ಹೊಡೆದು ಸುಮ್ಮನಾದೆವು. ‘ಕರೆಂಟ್ ಹಚ್ಚಿಸಿಕೊಳ್ಳಲಿಕ್ಕೆ ಬಂದವರು’ ಎಂದರೆ ಸಾಕು, ಆ ಬೆಂಚಿನ ಮೇಲೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಆ ಕರೆಂಟಿನ ಬಗ್ಗೆ ನಿಮ್ಮ ಹತ್ತಿರ ನಾಲ್ಕು ಮಾತು ಆಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನು ಡಾಕ್ಟರನಲ್ಲ. ತಹಶೀಲ್ದಾರ್ ಕಚೇರಿಯ ಹತ್ತಿರ ಡಿಟಿಪಿ ಅಂಗಡಿ ಇಟ್ಟವ. ಪಹಣಿ ತಿದ್ದುಪಡಿಯ ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ಪುಣ್ಯತಿಥಿಯ ಕಾರ್ಡು ಅಂತ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕೀಲಿಮಣೆ ಕುಟ್ಟಿದ್ದೇನೆ. ಹುಟ್ಟಿದ್ದು ದೋಟಿಹಾಳದ ನೇಕಾರ ಮನೆಯಲ್ಲಿ. ಆದ್ದರಿಂದ ಗೋಣು ಬಗ್ಗಿಸುವುದು ನನಗೆ ಪಿತ್ರಾರ್ಜಿತ. ಅಪ್ಪ-ಅವ್ವ ಮಗ್ಗದ ಕುಣಿಯಲ್ಲಿ ಬಗ್ಗಿಸಿದರು, ನಾನು ಮೇಜಿನ ಮುಂದೆ ಬಗ್ಗಿಸಿದೆ.

ನೋವು ಶುರುವಾದದ್ದು ಮದುವೆ ಸೀಜನ್ನಿನಲ್ಲಿ. ಒಂದು ಮುಂಜಾನೆ ಗಾಡಿ ಹಿಂದಕ್ಕೆ ತೆಗೆಯಲು ಹೋದರೆ ಗೋಣು ಎಡಕ್ಕೆ ತಿರುಗಲೇ ಇಲ್ಲ. ಮನೆಯಲ್ಲಿ ‘ನರ ಹಿಡದೈತಿ’ ಎಂದರು. ನಮ್ಮ ಕಡೆ ಮೈಯಲ್ಲಿ ಏನೇ ಹಿಡಿದರೂ ಅದು ನರವೇ. ಒಬ್ಬರು ಎಣ್ಣೆ ಹಚ್ಚಿ ತಿಕ್ಕಿದರು, ಇನ್ನೊಬ್ಬರು ಗದ್ದ ಹಿಡಿದು ಲಟಕ್ಕನೆ ಮುರಿದರು. (ಎರಡನೆಯದನ್ನು ದಯವಿಟ್ಟು ಯಾರಿಂದಲೂ ಮಾಡಿಸಿಕೊಳ್ಳಬೇಡಿ. ಕುತ್ತಿಗೆಯ ಮಣಿಗಳ ಒಳಗಿಂದಲೇ ಮೆದುಳಿಗೆ ರಕ್ತ ಹೋಗುವ ನಾಳಗಳಿವೆ. ನನಗೇನೂ ಆಗಲಿಲ್ಲ ಎಂಬುದು ಪುಣ್ಯ, ಪುರಾವೆಯಲ್ಲ.) ಔಷಧ ಅಂಗಡಿಯ ಮಾತ್ರೆ ಎರಡು ವಾರ ನಡೆಯಿತು. ಆಮೇಲೆ ಎಕ್ಸ್-ರೇ ಆಯಿತು. ‘ಮಣಿ ಸವದಾವು’ ಎಂಬ ಮಾತು ಕೇಳಿ ಮನೆಯವರ ಮುಖ ಬಾಡಿತು. ನಲವತ್ತು ದಾಟಿದವರ ಕುತ್ತಿಗೆಯ ಎಕ್ಸ್-ರೇಯಲ್ಲಿ ಸವಕಲು ಕಾಣುವುದು ತಲೆಯಲ್ಲಿ ಬಿಳಿಗೂದಲು ಕಂಡಷ್ಟೇ ಸಹಜ, ಏನೂ ನೋವಿಲ್ಲದವರಿಗೂ ಅದು ಇರುತ್ತದೆ ಎಂದು ಆಗ ನಮಗೆ ಯಾರೂ ಹೇಳಿರಲಿಲ್ಲ.

ನನಗೆ ಹಿಡಿದದ್ದು ನರವೂ ಅಲ್ಲ, ಮಣಿಯೂ ಅಲ್ಲ, ಸ್ನಾಯು. ತಲೆಬುರುಡೆಯ ಬುಡದಿಂದ ಹೆಗಲಿನವರೆಗೆ ಇಳಿಬಿಟ್ಟ ಟವೆಲ್ಲಿನಂತೆ ಹರಡಿರುವ ಟ್ರಪೀಜಿಯಸ್ ಎಂಬ ಸ್ನಾಯು, ಅದರ ಅಡಿಯಲ್ಲಿ ಹೆಗಲೆಲುಬನ್ನು ಕುತ್ತಿಗೆಗೆ ಕಟ್ಟಿಹಾಕಿದ ಇನ್ನೊಂದು. ತಲೆಯ ತೂಕ ನಾಲ್ಕೂವರೆ, ಐದು ಕಿಲೋ. ನೆಟ್ಟಗೆ ಕುಂತಾಗ ಆ ತೂಕ ಎಲುಬಿನ ಮೇಲೆ ಕೂರುತ್ತದೆ. ಮುಂದಕ್ಕೆ ಬಗ್ಗಿದರೆ ಹಿಂದಿನ ಸ್ನಾಯುಗಳು ಅದನ್ನು ಜಗ್ಗಿ ಹಿಡಿಯಬೇಕು. ಅಮೆರಿಕದ ಬೆನ್ನುಹುರಿ ಶಸ್ತ್ರಚಿಕಿತ್ಸಕರೊಬ್ಬರು 2014ರಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿ, 60 ಡಿಗ್ರಿ ಬಗ್ಗಿದ ತಲೆ ಕುತ್ತಿಗೆಯ ಮೇಲೆ ಸುಮಾರು 27 ಕಿಲೋದಷ್ಟು ಭಾರ ಹಾಕುತ್ತದೆ ಎಂದರು. ಅದು ಲೆಕ್ಕವೇ ಹೊರತು ಯಾರ ಕುತ್ತಿಗೆಯನ್ನೂ ತಕ್ಕಡಿಗೆ ಹಾಕಿ ತೂಗಿದ್ದಲ್ಲ. ಆದರೂ ತುಂಬಿದ ಕೊಡವನ್ನು ಎದೆಗವಚಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ನಮ್ಮ ಹೆಣ್ಣುಮಕ್ಕಳಿಗೆ ಅಮೆರಿಕದವರು ಹೇಳಬೇಕಾಗಿಲ್ಲ.

ಇನ್ನು ಕರೆಂಟಿನ ಮಾತು.

ಅಂಗಾತ ಇಲ್ಲವೇ ಬೋರಲು ಮಲಗಿಸಿ, ಒದ್ದೆ ಸ್ಪಂಜಿನ ನಾಲ್ಕು ಪ್ಯಾಡುಗಳನ್ನು ಹೆಡಕಿಗೂ ಹೆಗಲಿಗೂ ಇಟ್ಟು, ಪಟ್ಟಿ ಬಿಗಿದು ಗುಂಡಿ ತಿರುವುತ್ತಾರಲ್ಲ, ಅದರ ಹೆಸರು ಐಎಫ್‌ಟಿ. 1950ರ ದಶಕದಲ್ಲಿ ವಿಯೆನ್ನಾದ ಹಾನ್ಸ್ ನೆಮೆಕ್ ಎಂಬವರು ಬಳಕೆಗೆ ತಂದದ್ದು. ಎರಡು ಜೋಡಿ ಪ್ಯಾಡಿನಲ್ಲಿ ಎರಡು ಬೇರೆ ಬೇರೆ ವಿದ್ಯುತ್ತು ಹರಿಯುತ್ತದೆ. ಒಂದು ಸೆಕೆಂಡಿಗೆ 4000 ಸಲ ಮಿಡಿದರೆ ಇನ್ನೊಂದು 4100 ಸಲ. ಭಜನೆಯ ಹಾರ್ಮೋನಿಯಂನಲ್ಲಿ ಸ್ವರ ಕೂಡದ ಎರಡು ರೀಡು ಒಟ್ಟಿಗೆ ಹಾಡಿದರೆ ‘ವೊಂವ್ ವೊಂವ್’ ಎಂಬ ಅಲೆ ಏಳುವುದನ್ನು ಕೇಳಿದ್ದೀರಲ್ಲ, ಹಾಗೆಯೇ ಆ ಎರಡೂ ಮೈಯೊಳಗೆ ಕೂಡಿದಲ್ಲಿ ಸೆಕೆಂಡಿಗೆ ನೂರರ ಅಲೆ ಏಳುತ್ತದೆ. ಚರ್ಮಕ್ಕೆ ಉರಿ ಕಡಿಮೆ, ಮಿಡಿತ ಒಳಗೆ. ಕಿಸೆಯಲ್ಲಿ ಹಿಡಿಸುವ, ಅಂಟು ಪ್ಯಾಡಿನ, ಬ್ಯಾಟರಿಯ ಸಣ್ಣ ಡಬ್ಬಿ ಟೆನ್ಸ್. ಜೆಲ್ ಸವರಿ ಗುಂಡನೆಯ ತಲೆಯಿಂದ ಉಜ್ಜುವುದು ಅಲ್ಟ್ರಾಸೌಂಡ್. ಅದರಲ್ಲಿ ಮೈಗೆ ಹೋಗುವುದು ಕರೆಂಟಲ್ಲ, ಕಿವಿಗೆ ಕೇಳಿಸದ ಧ್ವನಿಯ ಅಲೆ. ನಾವು ಮೂರಕ್ಕೂ ‘ಕರೆಂಟ್’ ಎಂದೇ ಹೇಳುತ್ತೇವೆ. ಹೇಳಿದರೆ ತಪ್ಪಿಲ್ಲ, ಆದರೆ ನಿಮಗೆ ಯಾವುದು ಕೊಡುತ್ತಿದ್ದಾರೆ, ಯಾಕೆ ಎಂದು ಕೇಳಿಕೊಳ್ಳಿ.

ಮೊದಲ ದಿನ ನನಗೆ ಅನಿಸಿದ್ದು ಹೆಡಕಿನ ಮೇಲೆ ಇರುವೆ ಸಾಲುಗಟ್ಟಿ ಹರಿದ ಹಾಗೆ. ಆಮೇಲೆ ಯಾರೋ ಬೆರಳಿನಿಂದ ಒಳಗೊಳಗೇ ತಟ್ಟಿದ ಹಾಗೆ. ಹದಿನೈದು ನಿಮಿಷಕ್ಕೆ ಎದ್ದಾಗ ಗೋಣು ಎಡಕ್ಕೆ ಸಲೀಸಾಗಿ ತಿರುಗಿತು. ಆ ಕ್ಷಣದ ಸುಖ ಅನುಭವಿಸಿದವರಿಗೇ ಗೊತ್ತು. ‘ಕರೆಂಟ್ ಬರೀ ಮೋಸ’ ಎನ್ನುವವರ ಜೊತೆ ನಾನು ದನಿಗೂಡಿಸಲಾರೆ.

ಆ ಸುಖ ಎಲ್ಲಿಂದ ಬರುತ್ತದೆ? 1965ರಲ್ಲಿ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದ ಹಾಗೆ. ನೋವಿನ ಸುದ್ದಿ ಸಣ್ಣ ನರದೆಳೆಗಳಲ್ಲಿ ಮೆಲ್ಲಗೆ ಬರುತ್ತದೆ, ಸ್ಪರ್ಶದ ಸುದ್ದಿ ದಪ್ಪ ಎಳೆಗಳಲ್ಲಿ ಓಡಿ ಬರುತ್ತದೆ. ಸಂಜೆ ಐದಕ್ಕೆ ಕುಷ್ಟಗಿ ಬಸ್ ಸ್ಟ್ಯಾಂಡಿಗೆ ಬನ್ನಿ. ಹನುಮಸಾಗರದ ಬಸ್ಸು ಬಂದು ನಿಂತ ಕೂಡಲೇ ಕಾಲೇಜು ಹುಡುಗರು ಬಾಗಿಲಿಗೆ ಮುಗಿಬೀಳುತ್ತಾರೆ. ಗಂಟು ಹೊತ್ತ ಮುದುಕಪ್ಪ ಕೆಳಗೇ ನಿಂತಿರುತ್ತಾನೆ. ನಮ್ಮ ಕರೆಂಟಿನ ಜುಮುಜುಮು ಆ ಹುಡುಗರು. ನೋವು ಆ ಮುದುಕಪ್ಪ. ಬಾಗಿಲು ಖಾಲಿಯಾದ ಮೇಲೆ ಮುದುಕಪ್ಪ ಹತ್ತೇ ಹತ್ತುತ್ತಾನೆ.

ಮನುಷ್ಯ ಈ ಉಪಾಯ ಬಹಳ ಹಿಂದೆಯೇ ಕಂಡುಕೊಂಡಿದ್ದ. ಕ್ರಿಸ್ತಶಕ ಒಂದನೇ ಶತಮಾನದಲ್ಲಿ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೂ ಕಾಲಿನ ಗೌಟಿಗೂ ಜೀವಂತ ವಿದ್ಯುತ್ ಮೀನನ್ನು ಇಡಬೇಕೆಂದು ಬರೆದಿದ್ದ. ನಮಗೆ ಮೀನಿನ ಬದಲು ಸ್ಪಂಜು ಬಂದಿದೆ. ಎರಡು ಸಾವಿರ ವರ್ಷದ ಉಪಾಯವಾದರೂ ಕುತ್ತಿಗೆನೋವಿಗೆ ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇನ್ನೂ ಇಲ್ಲ. ಜಗತ್ತಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿಯುವ ಕಾಕ್ರೇನ್ ಸಂಸ್ಥೆಯ ಒಂದು ವರದಿ 2013ರಲ್ಲೂ, ಟೆನ್ಸ್ ಬಗ್ಗೆಯೇ ಆದ ಇನ್ನೊಂದು 2019ರಲ್ಲೂ, ಸಿಕ್ಕ ಪುರಾವೆ ಬಹಳ ದುರ್ಬಲ ಎಂದೇ ಹೇಳಿದವು. ಮಾಡಬೇಡಿ ಎಂದಲ್ಲ, ಇದೊಂದನ್ನೇ ನಂಬಿ ಕೂರಬೇಡಿ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಹಾಗೆ ನಂಬಿ ಕೂತವ ನಾನೇ. ಹತ್ತು ದಿನದ ಕೋರ್ಸು, ದಿನಕ್ಕೆ ಇನ್ನೂರು ರೂಪಾಯಿ. ಮುಗಿದ ಮೂರು ವಾರಕ್ಕೆ ಮತ್ತೆ ಗೋಣು ಹಿಡಿಯಿತು. ಮತ್ತೆ ಹತ್ತು ದಿನ. ಆ ವರ್ಷ ಮೂರು ಸುತ್ತು ಹಾಕಿದೆ. ಮೊದಲು ಹೋಗುತ್ತಿದ್ದ ಜಾಗದಲ್ಲಿ ಪ್ಯಾಡು ಕಟ್ಟಿ, ಪರದೆ ಎಳೆದು, ಹುಡುಗ ಮೊಬೈಲ್ ನೋಡಲು ಹೋಗುತ್ತಿದ್ದ. ಗಂಟೆ ಹೊಡೆದಾಗ ಬಂದು ಬಿಚ್ಚುತ್ತಿದ್ದ. ನನ್ನ ಗೋಣು ಎಷ್ಟು ತಿರುಗುತ್ತದೆ ಎಂದು ಒಂದು ದಿನವೂ ಯಾರೂ ನೋಡಲಿಲ್ಲ. ನಾನೂ ಕೇಳಲಿಲ್ಲ, ಮಲಗಿ ಬರುವುದು ನನಗೂ ಹಿತವಾಗಿತ್ತು.

ಮೂರನೇ ಸುತ್ತಿಗೆ ಬೇರೊಂದು ಕಡೆ ಹೋಗಿದ್ದೆ. ಅಲ್ಲಿಯ ಫಿಸಿಯೋಥೆರಪಿಸ್ಟ್, ನನ್ನ ಮಗಳ ವಯಸ್ಸಿನ ಹುಡುಗಿ, ಒಂದು ಸಂಜೆ ಲೆಟರ್‌ಹೆಡ್ ಮಾಡಿಸಲು ನನ್ನ ಅಂಗಡಿಗೇ ಬಂದರು. ನಾನು ಪ್ರೂಫ್ ತೆಗೆಯುವಷ್ಟು ಹೊತ್ತು ಸುಮ್ಮನೆ ನಿಂತು ನೋಡಿದರು. ಕಂಪ್ಯೂಟರಿನ ಪರದೆ ಮೇಜಿನ ಎಡಮೂಲೆಯಲ್ಲಿ, ಕೀಲಿಮಣೆ ನಡುವೆ. ಗಿರಾಕಿಯ ಕೈಬರಹದ ಹಾಳೆ ಬಲಕ್ಕೆ, ಮೇಜಿನ ಮೇಲೆ ಮಲಗಿಸಿದ್ದು. ಬೆನ್ನು ಮುರಿದ ಪ್ಲಾಸ್ಟಿಕ್ ಕುರ್ಚಿ. ಹಾಳೆ ನೋಡಲು ಬಲಕ್ಕೆ ಬಗ್ಗು, ಪರದೆ ನೋಡಲು ಎಡಕ್ಕೆ ತಿರುಗಿ ಗದ್ದ ಮುಂದೆ ಚಾಚು; ಸಾಲಿಗೊಂದು ಸಲ. ಅವರು ಮೆಲ್ಲಗೆ ಹೇಳಿದ್ದು ಇಷ್ಟೇ: ‘ಸರ್, ಮುಂಜಾನೆ ನಾ ಹಚ್ಚಿದ್ದನ್ನ ಇಲ್ಲಿ ಕುಂತು ನೀವೇ ಅಳಿಸ್ತೀರಿ.’

ಆಮೇಲೆ ಅವರೇ ಕಪಾಟಿನ ಮೇಲಿದ್ದ ಹಳೆಯ ಲಗ್ನಪತ್ರಿಕೆಗಳ ಎರಡು ಆಲ್ಬಮ್ ಇಳಿಸಿ ಪರದೆಯ ಕೆಳಗಿಟ್ಟರು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂತು. ಅದನ್ನು ಮೇಜಿನ ನಡುವಿಗೆ ಸರಿಸಿದರು. ಹಾಳೆ ನಿಲ್ಲಿಸಲು ಒಂದು ರಟ್ಟಿನ ಹಲಗೆ ಸಿಕ್ಕಿತು. ನಯಾಪೈಸೆ ಖರ್ಚಿಲ್ಲ. ಮರುದಿನ ಕ್ಲಿನಿಕ್ಕಿನಲ್ಲಿ ಕರೆಂಟಿನ ಹೊತ್ತನ್ನು ಹತ್ತು ನಿಮಿಷಕ್ಕೆ ಇಳಿಸಿ, ಉಳಿದ ಹೊತ್ತು ನನ್ನಿಂದ ವ್ಯಾಯಾಮ ಮಾಡಿಸಿದರು. ನೋವು ಬಾಗಿಲಾಚೆ ನಿಂತಿರುವಷ್ಟರಲ್ಲಿ ಸ್ನಾಯುವಿಗೆ ಕೆಲಸ ಕಲಿಸಬೇಕು, ಕರೆಂಟ್ ಕೊಡುವುದೇ ಅದಕ್ಕಾಗಿ ಎಂದರು. ಕಸರತ್ತಿಗೆ ಎಂದು ತೆರವಾದ ಹೊತ್ತನ್ನು ನಾನು ಒಂದು ವರ್ಷ ಪೂರ್ತಿ ನಿದ್ದೆಗೆ ಖರ್ಚು ಮಾಡಿದ್ದೆ.

ಅವರು ಕಲಿಸಿದ್ದರಲ್ಲಿ ಒಂದನ್ನು ಹೇಳುತ್ತೇನೆ. ಬಸ್ಸಿನಲ್ಲಿ ನಿಂತಾಗ ಮುಂದಿನವರ ಮಲ್ಲಿಗೆ ದಂಡೆ ಮೂಗಿಗೆ ತಾಗಿದರೆ ತಲೆಯನ್ನು ನೇರ ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಗದ್ದ ಮೇಲೂ ಹೋಗದೆ ಕೆಳಗೂ ಬಾರದೆ? ಅದೇ. ಐದು ಸೆಕೆಂಡ್ ಹಾಗೇ ಹಿಡಿದು ಬಿಡುವುದು, ಹತ್ತು ಸಲ. ಕುತ್ತಿಗೆಯ ಮುಂಭಾಗದ ಆಳದಲ್ಲಿ ಸೋಮಾರಿ ಬಿದ್ದಿರುವ ಸ್ನಾಯುಗಳು ಇದರಿಂದ ಏಳುತ್ತವೆ. ಇನ್ನೊಂದಕ್ಕೆ ರಬ್ಬರ್ ಪಟ್ಟಿ ಬೇಕೆಂದರು. ನಾನು ಸೈಕಲ್ಲಿನ ಹಳೆಯ ಟ್ಯೂಬನ್ನು ಕಿಟಕಿ ಸರಳಿಗೆ ಕಟ್ಟಿಕೊಂಡು ಎರಡೂ ಕೈಯಿಂದ ಜಗ್ಗುತ್ತೇನೆ, ಹಿಂದೆ ಹೆಗಲೆಲುಬು ಒಂದಕ್ಕೊಂದು ಹತ್ತಿರ ಬರುವ ಹಾಗೆ. ಗಿರಾಕಿಗಳು ಮೊದಲು ನಕ್ಕರು. ಈಗ ಇಬ್ಬರು ಬಂದು ಜಗ್ಗಿ ಹೋಗುತ್ತಾರೆ. ಜಗ್ಗುವಾಗ ನೋವು ತೋಳಿಗಿಳಿದರೆ ನಿಲ್ಲಿಸಿ.

ಹಾಗಂತ ದಿನವಿಡೀ ಸಿಪಾಯಿಯ ಹಾಗೆ ಎದೆಯುಬ್ಬಿಸಿ ಕೂರಿ ಎನ್ನುತ್ತಿಲ್ಲ. ಒಂದೇ ಭಂಗಿಯನ್ನು ಗಂಟೆಗಟ್ಟಲೆ ಹಿಡಿಯುವುದೇ ಸ್ನಾಯುವಿಗೆ ವೈರಿ. ಆ ಭಂಗಿ ನೆಟ್ಟಗಿದ್ದರೂ ಅಷ್ಟೆ. ಇದನ್ನು ನನಗೆ ಮನವರಿಕೆ ಮಾಡಿದ್ದು ನಮ್ಮವ್ವನ ನೆನಪು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಆ ಹೊತ್ತಿನಲ್ಲಿ ಅವ್ವನ ಮೂಗು ಎಳೆಗಳಿಗೆ ತಾಗುವಷ್ಟು ಬಗ್ಗಿರುತ್ತಿತ್ತು. ಆದರೆ ನಡುವೆ ಒಲೆಯ ಮೇಲಿನ ಬೇಳೆಗೆ ಏಳುತ್ತಿದ್ದಳು, ನಮ್ಮನ್ನು ಬೈಯಲು ಏಳುತ್ತಿದ್ದಳು, ಕೊಡ ತುಂಬಲು ಏಳುತ್ತಿದ್ದಳು. ಕೆಲಸ ಮುಗಿದ ಮೇಲೆ ಟವೆಲ್ಲು ಸುರುಳಿ ಸುತ್ತಿ ಹೆಡಕಿನ ಕೆಳಗಿಟ್ಟುಕೊಂಡು ಬರೀ ನೆಲದ ಮೇಲೆ ಅಂಗಾತ ಬೀಳುತ್ತಿದ್ದಳು, ಕಣ್ಣು ಮಾಳಿಗೆಯ ಜಂತಿಯ ಮೇಲೆ. ಅವಳ ಮೊಣಕಾಲು ಮಗ್ಗದ ಕುಣಿಗೆ ಬಲಿಯಾದವು, ಅದನ್ನು ಮರೆಮಾಚುವುದಿಲ್ಲ. ಗೋಣು ಮಾತ್ರ ಕಡೆಯವರೆಗೂ ತಿರುಗುತ್ತಿತ್ತು. ನಾನು ಚಹಾವನ್ನೂ ಕೀಲಿಮಣೆಯ ಪಕ್ಕಕ್ಕೇ ತರಿಸಿಕೊಂಡವ.

ಆದ್ದರಿಂದ ನೇಕಾರ ಬಂಧುಗಳೇ, ಮಗ್ಗವನ್ನು ಮೇಲೆತ್ತಲಿಕ್ಕಾಗದು ಎಂದು ನನಗೆ ಗೊತ್ತು. ಲಾಳಿಯ ಕಂಡಿಕೆ ಬದಲಿಸುವಾಗಲೆಲ್ಲ ಆ ಗದ್ದದ ಕಸರತ್ತು ಎರಡು ಸಲ ಮಾಡಿ, ಹೆಗಲನ್ನು ಒಂದು ಸುತ್ತು ತಿರುಗಿಸಿ. ಟೇಲರ್ ಅಣ್ಣಂದಿರೇ, ಕಾಜಾ-ಗುಂಡಿಯ ಕೆಲಸವನ್ನು ತೊಡೆಯ ಮೇಲಿಟ್ಟು ಮಾಡಬೇಡಿ. ತೊಡೆಯ ಮೇಲೊಂದು ಗಟ್ಟಿ ದಿಂಬಿಟ್ಟು, ಬಟ್ಟೆಯನ್ನು ಕಣ್ಣಿನ ಹತ್ತಿರಕ್ಕೆ ತನ್ನಿ. ಟ್ಯೂಬ್‌ಲೈಟನ್ನು ಹೊಲಿಗೆ ಯಂತ್ರದ ನೇರಕ್ಕೆ ಇಳಿಸಿ, ಬೆಳಕು ಕಡಿಮೆಯಾದಷ್ಟೂ ಗೋಣು ಕೆಳಗಿಳಿಯುತ್ತದೆ. ಕ್ರಾಸಿಂಗ್ ಕೆಲಸದ ಅಕ್ಕ-ತಂಗಿಯರೇ, ನಿಮಗೆ ಹೇಳಲು ನನಗೆ ಸಂಕೋಚ. ಸಂಜೆ ಮೊಗ್ಗು ಬಿಡಿಸಿ ಚಿಮಟದಿಂದ ಕೇಸರ ಕೀಳುವುದು, ಮುಂಜಾನೆ ಹೂವಿಗೆ ಹೂವು ಮುಟ್ಟಿಸುವುದು, ಸಾವಿರಾರು ಮೊಗ್ಗು, ಎಲ್ಲವೂ ಸೊಂಟದ ಕೆಳಗಿನ ಗಿಡದಲ್ಲಿ. ನಿಮ್ಮ ಬಿಡುವು ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ಆ ಮಾತನ್ನು ಹೊಲದ ಯಜಮಾನರಿಗೇ ಹೇಳುತ್ತೇನೆ: ಪ್ರತಿ ಸಾಲಿನ ತುದಿಗೆ ಎರಡು ನಿಮಿಷ ನೆಟ್ಟಗೆ ನಿಲ್ಲಲು ಬಿಡಿ, ಯಜಮಾನರೇ. ಭಾಗ್ಯನಗರದಲ್ಲಿ ದಿನವಿಡೀ ಕೂದಲು ಬಿಡಿಸುವ ಹೆಣ್ಣುಮಕ್ಕಳನ್ನು ಕೂರಿಸಿಕೊಂಡವರಿಗೂ, ಕಿನ್ನಾಳದಲ್ಲಿ ಗೊಂಬೆಯ ಕಣ್ಣು ಬರೆಯುವ ಚಿತ್ರಗಾರ ಮನೆಗಳ ಹಿರಿಯರಿಗೂ ಇದೇ ವಿನಂತಿ.

ಇನ್ನು ಕ್ಲಿನಿಕ್ಕಿಗೆ ಹೋದಾಗ. ಪ್ಯಾಡು ಕಟ್ಟುವ ಮೊದಲು ‘ನೀವು ಬಿಪಿಟಿ ಓದೀರೇನ್ರೀ?’ ಎಂದು ಕೇಳಿ, ಮುಜುಗರ ಬೇಡ. ಫಿಸಿಯೋಥೆರಪಿಯ ಆ ಪದವಿಗೆ ನಾಲ್ಕು ವರ್ಷ ಓದಿ, ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿದವರಿಗೆ ಆ ಪ್ರಶ್ನೆ ಅವಮಾನವಾಗುವುದಿಲ್ಲ. ಫಿಸಿಯೋಥೆರಪಿಸ್ಟರನ್ನು ನೋಂದಣಿಯ ವ್ಯವಸ್ಥೆಗೆ ತರುವ ಕೇಂದ್ರದ ಕಾಯ್ದೆಯೇ 2021ರಲ್ಲಿ ಬಂದಿದೆ. ನಿಮ್ಮ ಗೋಣು, ತೋಳಿನ ಬಲ, ಬೆರಳಿನ ಸ್ಪರ್ಶ ಪರೀಕ್ಷಿಸದೆ ಗುಂಡಿ ತಿರುವಿದರೆ ಎದ್ದು ಬನ್ನಿ. ಎರಡನೇ ದಿನಕ್ಕೂ ವ್ಯಾಯಾಮ ಹೇಳಿಕೊಡದಿದ್ದರೆ ನೀವೇ ಬಾಯಿ ಬಿಟ್ಟು ಕೇಳಿ.

ಎದೆಯಲ್ಲಿ ಪೇಸ್‌ಮೇಕರ್ ಇದ್ದವರು, ಬಸುರಿಯರು, ಫಿಟ್ಸ್ ಬರುವವರು, ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರು ಅದನ್ನು ಮೊದಲೇ ಹೇಳಬೇಕು. ತೋಳಿಗೆ ಜೋಮು ಇಳಿದು ಕೈಯಿಂದ ಲೋಟ ಜಾರುತ್ತಿದ್ದರೆ, ನಡೆಯುವಾಗ ಕಾಲು ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ, ಗಾಡಿಯಿಂದ ಬಿದ್ದ ಮೇಲೆ ನೋವು ಶುರುವಾಗಿದ್ದರೆ, ಜ್ವರದ ಜೊತೆ ಗೋಣು ಬಿಗಿದರೆ, ಅದು ಕರೆಂಟಿನ ಕೆಲಸವೇ ಅಲ್ಲ. ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಮೊಬೈಲಿನಲ್ಲಿ ಜಾಹೀರಾತು ನೋಡಿ ಯಂತ್ರ ತರಿಸುವವರಿಗೆ ನಮ್ಮ ಭಾವನ ಕಥೆ. ಡಬ್ಬಿ ಬಂತು, ಪ್ಯಾಡು ಬಂತು, ಕಾಗದದ ಮೇಲಿನ ಸೂಚನೆ ಇರುವೆ ಸಾಲಿನಷ್ಟು ಸಣ್ಣ. ನೋವು ಪಕ್ಕಕ್ಕೂ ಹರಡಿದೆ ಎಂದು ಅವರು ಗಂಟಲಿನ ಎಡಬಲಕ್ಕೆ ಒಂದೊಂದು ಪ್ಯಾಡು ಅಂಟಿಸಿ ಗುಂಡಿ ಏರಿಸಿದರು. ಕಣ್ಣು ಕತ್ತಲೆ ಬಂದು ಮಂಚದ ಮೇಲೆ ಕುಸಿದರು. ಅಕ್ಕ ಪ್ಯಾಡು ಕಿತ್ತೆಸೆದಳು. ಕತ್ತಿನ ಮುಂಭಾಗದ ಆ ಜಾಗದಲ್ಲಿ ರಕ್ತದೊತ್ತಡ ಅಳೆಯುವ ನರದ ತುದಿಗಳಿವೆ. ಅಲ್ಲಿ ಕೆಣಕಿದರೆ ಎದೆಬಡಿತ ಒಮ್ಮೆಲೇ ಇಳಿಯಬಹುದು. ಯಂತ್ರ ಕೊಳ್ಳಲೇಬೇಕಿದ್ದರೆ ಎಲ್ಲಿ ಅಂಟಿಸಬೇಕು, ಎಷ್ಟು ಹೊತ್ತು ಎಂಬುದನ್ನು ಕಲಿತವರ ಮುಂದೆ ಕೂತು ಒಮ್ಮೆ ತಿಳಿದುಕೊಳ್ಳಿ. ಹೆಡಕಿಗೆ ಮಾತ್ರ, ಗಂಟಲಿಗೆ ಎಂದೂ ಬೇಡ. ಹಚ್ಚಿಕೊಂಡು ನಿದ್ದೆ ಹೋಗುವುದು, ಗಾಡಿ ಓಡಿಸುವುದು ಬೇಡ.

ಕೊನೆಯದಾಗಿ ಎಲ್ಲರೂ ಕೂಡಿ ಕೇಳಬೇಕಾದದ್ದೊಂದಿದೆ. ನಾನು ದಿನಕ್ಕೆ ಇನ್ನೂರು ಕೊಟ್ಟೆ; ಕ್ರಾಸಿಂಗ್‌ಗೆ ಹೋಗುವ ತಂಗಿ ಇನ್ನೂರರ ಜೊತೆ ಅರ್ಧ ದಿನದ ಕೂಲಿಯನ್ನೂ ಕಳೆದುಕೊಳ್ಳುತ್ತಾಳೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಮು ಬಂದದ್ದು 2013ರಲ್ಲಿ, ನಮ್ಮ ಭಾಗಕ್ಕೆಂದೇ ಮಂಡಳಿಯಿದೆ, ಅನುದಾನವಿದೆ. ಸರಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ಸೇವೆ ವಾರದಲ್ಲಿ ಎರಡು ದಿನವಾದರೂ ಸಂಜೆ ಆರರಿಂದ ಎಂಟರವರೆಗೆ ಇರಲಿ ಎಂದು ಒಂದು ಮನವಿ ತಯಾರಿಸಿಟ್ಟಿದ್ದೇನೆ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಒಂದು ಪ್ರತಿ, ಶಾಸಕರಿಗೆ ಒಂದು. ಸಹಿ ಹಾಕಲು ಅಂಗಡಿಗೆ ಬನ್ನಿ. ಟೈಪಿಂಗ್‌ಗೆ, ಝೆರಾಕ್ಸಿಗೆ ದುಡ್ಡಿಲ್ಲ. ಹಾಳೆಯನ್ನು ಗೋಡೆಗೆ ಎದೆಮಟ್ಟಕ್ಕೆ ಅಂಟಿಸಿದ್ದೇನೆ, ಬಗ್ಗದೆ ನಿಂತೇ ಸಹಿ ಮಾಡಬಹುದು.

ತಪ್ಪು ಕಂಡರೆ ಹಿರಿಯರು ತಿದ್ದಬೇಕು, ಕಿರಿಯರು ಮನ್ನಿಸಬೇಕು.

ತಮ್ಮ ವಿಶ್ವಾಸಿ,
ತಹಶೀಲ್ದಾರ್ ಕಚೇರಿ ಹತ್ತಿರದ ಡಿಟಿಪಿ ಅಂಗಡಿಯವ
ಕುಷ್ಟಗಿ